ಮೋರೋವರ್ ಮಾಸ್ಟ್ರು

ನಮ್ಮ ಇಂಗ್ಲಿಷ್ ಮಾಸ್ಟ್ರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ. ಪತ್ರಿಕೆಗಳಿಗೆ ಆಗೀಗ ಏನಾದರೂ ಗೀಚುವವನು ಎಂಬ ಕಾರಣಕ್ಕೆ ನನ್ನ ಹತ್ತಿರವೂ ಬಂದು, "ನೀವು ಅವರ ಮೆಚ್ಚಿನ ಶಿಷ್ಯ ಅಲ್ಲವಾ, ಎರಡು ಒಳ್ಳೆಯ ಮಾತು ಬರೆದು ಕೊಡಿ" ಅಂದರು. ಮೆಚ್ಚಿನ ಶಿಷ್ಯ ಎಂಬ ಮಾತು ಕೇಳಿ ಹಸಿ ಹಾಗಲಕಾಯಿ ಅಗಿದ ಹಾಗಾಯಿತು. ಆದರೂ ಆಗಲಿ ಅಂದೆ, ಸಾವಿನ ಮನೆಯ ವಿಷಯದಲ್ಲಿ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಹೊಲಿಗೆ ಮೆಷಿನಿನ ಮುಂದೆ ಕೂತಿದ್ದ ಅವಳು ತಲೆ ಎತ್ತಲಿಲ್ಲ. "ಇಂಗ್ಲಿಷ್ ಚೆನ್ನಾಗಿ ಕಲಿಸ್ತಿದ್ರು ಅಂತ ಬರಿ. ಬರೆದು ಅಲ್ಲಿಗೆ ನಿಲ್ಲಿಸು" ಅಂದಳು.

ಹಾಗೆಯೇ ಬರೆದು ಕೊಟ್ಟೆ. ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಿದ್ದರು, ಅಕ್ಷರ ದುಂಡಗಿತ್ತು, ಒಂದು ದಿನವೂ ರಜೆ ಹಾಕಿದವರಲ್ಲ. ಇದೆಲ್ಲ ನಿಜ. ಬರೆದು ಕೊಟ್ಟು ಬಂದ ಮೇಲೆ ಬರೆಯದೆ ಬಿಟ್ಟದ್ದು ಹಾಗೇ ಉಳಿದುಕೊಂಡಿತು. ಆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಗುರುವಾಯನಕೆರೆಯಿಂದ ಬೆಳ್ತಂಗಡಿಯವರೆಗೆ ಯಾವ ಅಂಗಡಿಯ ಮುಂದೆ ನಿಂತು 'ಮೋರೋವರ್ ಮಾಸ್ಟ್ರು' ಅಂದರೂ ಜನಕ್ಕೆ ಗೊತ್ತಾಗುತ್ತದೆ.

ಆ ಹೆಸರು ಇಟ್ಟದ್ದು ನಮ್ಮ ಕ್ಲಾಸಿನವರೇ. ನಾವು ಹೈಸ್ಕೂಲಿನಲ್ಲಿದ್ದಾಗ ಜಿಲ್ಲೆ ಇನ್ನೂ ಮದರಾಸಿನ ಕೈಕೆಳಗಿತ್ತು. ಇಂಗ್ಲಿಷ್ ಬಂದವನಿಗೆ ಅನ್ನ, ಬಾರದವನಿಗೆ ಗಂಜಿ ಎಂದು ಎಲ್ಲ ಮನೆಗಳಲ್ಲಿ ಹೆದರಿಸುತ್ತಿದ್ದ ಕಾಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಈ ಇಂಗ್ಲಿಷ್. ನಮ್ಮಂಥ ಮಕ್ಕಳ ತಲೆಗೆ ಅದನ್ನು ಇಳಿಸುವುದು ಸುಲಭದ ಕೆಲಸವಾಗಿರಲಿಲ್ಲ. ಮಾಸ್ಟ್ರು ಇಳಿಸಿದರು. ಆ ಮಟ್ಟಿಗೆ ಅವರಿಗೆ ಕೊಡಬೇಕಾದ್ದನ್ನು ಕೊಡುತ್ತೇನೆ.

"ಆಲ್ಸೊ ಅಂದರೆ ಕೂಡ" ಎಂದು ಶುರುಮಾಡುತ್ತಿದ್ದರು. "ಅದಕ್ಕೆ ತೂಕ ಇಲ್ಲ. ರಾಮ ಬಂದ, ಭೀಮ ಕೂಡ ಬಂದ. ಬಂದರೆ ಬರಲಿ, ಯಾರಿಗೆ ಎಂತ? ಮೋರೋವರ್ ಹಾಗಲ್ಲ. ಮೋರೋವರ್ ಅಂದರೆ ಮೇಲಾಗಿ. ಮೊದಲು ಹೇಳಿದ್ದೇ ಸಾಕಿತ್ತು, ಆದರೂ ಅದರ ಮೇಲೆ ಇನ್ನೊಂದು ಹೇರ್ತೇನೆ, ಇನ್ನು ನೀನು ಅಲ್ಲಾಡಬಾರದು ಅಂತ ಅರ್ಥ."

ಆಮೇಲೆ ಗಾಡಿಯ ಉದಾಹರಣೆ ಬರುತ್ತಿತ್ತು. "ಮೂಡುಬಿದಿರೆಗೆ ಹೊರಟ ಎತ್ತಿನ ಗಾಡಿ ಉಂಟು. ಒಂದು ಮೂಟೆ ಹೇರಿ ಆಗಿದೆ. ಅದರ ಮೇಲೆ ಇನ್ನೊಂದು ಹಾಕ್ತಿ. ಆ ಎರಡನೇ ಮೂಟೆ ಎಲ್ಲಿಗೆ ಹೋಗುವುದು?"

"ಮೂಡುಬಿದಿರೆಗೆ ಸಾರ್" ಎಂದು ನಾವು ಕೂಗಬೇಕು.

"ಬಂಟ್ವಾಳದ ಮೂಟೆ ಹಾಕಿದ್ರೆ?"

"ಗಾಡಿಯವ ಬಯ್ತಾನೆ ಸಾರ್."

"ಬಯ್ಯುವುದಿಲ್ಲ, ಇಳಿಸಿ ಬಿಸಾಡ್ತಾನೆ. ಮೊದಲು ಒಳ್ಳೆಯದು ಹೇಳಿದ್ರೆ ಮೋರೋವರ್ ಆದ ಮೇಲೆಯೂ ಒಳ್ಳೆಯದೇ ಬರಬೇಕು. ಕೆಟ್ಟದ್ದು ಹೇಳಿದ್ರೆ ಕೆಟ್ಟದ್ದೇ. ದಾರಿ ಒಂದೇ."

ನಾರಾವಿಯಿಂದ ಬರುತ್ತಿದ್ದ ಒಬ್ಬ ಹುಡುಗ 'ನಮ್ಮ ಮನೆ ದೊಡ್ಡದಾಗಿದೆ, ಮೋರೋವರ್ ಅದು ಸೋರುತ್ತದೆ' ಎಂದು ಬರೆದು ತಂದಿದ್ದ. ಮಾಸ್ಟ್ರು ಅವನ ಕಿವಿ ಹಿಡಿದು ಎಬ್ಬಿಸಿ, "ಸೋರುವುದು ಬಂಟ್ವಾಳದ ಮೂಟೆ, ಮಂಗ! ಅಲ್ಲಿ ಬಟ್ ಹಾಕು" ಎಂದು ಅಂಗೈಗೆ ಬಿಗಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಇಷ್ಟು ವರ್ಷವಾದರೂ ಆ ಪಾಠ ಮರೆತಿಲ್ಲ.

ಮೋರೋವರ್ ಬರುವ ಮೊದಲು ಅವರ ನಶ್ಯದ ಡಬ್ಬಿ ಬರುತ್ತಿತ್ತು. ಮುಚ್ಚಳದ ಮೇಲೆ ಎರಡು ಸಲ ಬೆರಳಿನಿಂದ ಬಡಿದು, ಒಂದು ಚಿಟಿಕೆ ತೆಗೆದು, ಕಣ್ಣು ಮುಚ್ಚಿ ಸೊರಕ್ಕನೆ ಎಳೆದುಕೊಳ್ಳುವರು. ಕಣ್ಣಿನಲ್ಲಿ ನೀರು ತುಂಬಿದ ಮೇಲೆ ಜೇಬಿನಿಂದ ಕೈವಸ್ತ್ರ ಹೊರಗೆ ಬರುತ್ತಿತ್ತು. ಎಂದೋ ಬಿಳಿಯಿದ್ದ ಅದು ಸಗಣಿ ಸಾರಿಸಿದ ನೆಲದ ಬಣ್ಣಕ್ಕೆ ತಿರುಗಿತ್ತು. ಒರೆಸಿದರೂ ಮೂಗಿನ ತುದಿಯಲ್ಲಿ ಒಂದು ಕಂದು ಹನಿ ನೇತಾಡುತ್ತಲೇ ಇರುತ್ತಿತ್ತು. ಅದು ಯಾರ ಪುಸ್ತಕದ ಮೇಲೆ ಬೀಳುತ್ತದೋ ಎಂದು ಮುಂದಿನ ಬೆಂಚಿನವರು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ನನ್ನ ಪುಸ್ತಕದಲ್ಲಿ ಅಂಥ ಒಂದು ಕಲೆ ಬಹಳ ಕಾಲ ಇತ್ತು. ಆ ಪುಟವನ್ನು ಅಂಚಿನಲ್ಲಿ ಹಿಡಿದು ತಿರುಗಿಸುತ್ತಿದ್ದೆ.

ಶಾಲೆಯ ಹೊರಗೆ ಅವರಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಸಂಬಳ ಇರಲಿಲ್ಲ.

ನಮ್ಮ ಕಡೆ ಒಂದು ಸಂಬಂಧ ಕೂಡಿಸಬೇಕಾದರೆ ಮೊದಲು ಗುಟ್ಟಾಗಿ ವಿಚಾರಿಸುವ ಕ್ರಮವುಂಟು. ಹೆಣ್ಣಿನ ಮನೆಗೆ ನೇರ ಹೋಗುವುದಿಲ್ಲ. ಗಂಡಿನ ಕಡೆಯ ಒಬ್ಬ ಹಿರಿಯ, ಹೆಚ್ಚಾಗಿ ಸೋದರಮಾವ, ಏನೋ ಬೇರೆ ಕೆಲಸಕ್ಕೆ ಬಂದವನ ಹಾಗೆ ಆ ಊರಿನಲ್ಲಿ ಬಸ್ಸಿಳಿಯುತ್ತಾನೆ. ಹೋಟೆಲಿಗೆ ಹೋಗಿ ಚಾ ಕುಡಿಯುತ್ತಾನೆ. ಊರಿನ ಮರ್ಯಾದಸ್ಥ ಯಾರೆಂದು ನೋಡಿ, ಅವರ ಪಕ್ಕದಲ್ಲಿ ಕೂತು, ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ "ಇಲ್ಲಿ ಇಂಥವರ ಮನೆ ಉಂಟಂತಲ್ಲ, ಜನ ಹೇಗೆ?" ಎಂದು ಕೇಳುತ್ತಾನೆ. ಆ ಒಂದು ಉತ್ತರದ ಮೇಲೆ ಒಂದು ಹುಡುಗಿಯ ಇಡೀ ಬದುಕು ನಿಂತಿರುತ್ತದೆ. ಜಾತಕ ನೋಡುವುದೆಲ್ಲ ಆಮೇಲಿನ ಮಾತು.

ಗುರುವಾಯನಕೆರೆ ನಾಲ್ಕು ಕಡೆಯ ಬಸ್ಸು ಸೇರುವ ಜಾಗ. ಮೂಡುಬಿದಿರೆಯಿಂದ ಬರಲಿ, ಬಂಟ್ವಾಳದಿಂದ ಬರಲಿ, ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಹೋಟೆಲು. ಹೋಟೆಲಿನ ಹೊರಬೆಂಚಿನಲ್ಲಿ ರಜೆಯ ದಿನ ಬೆಳಿಗ್ಗೆಯೂ ಶಾಲೆಯ ದಿನ ಸಂಜೆಯೂ ನಮ್ಮ ಮಾಸ್ಟ್ರು, ಬಿಳಿ ಶಾಲು, ಕನ್ನಡಕ, ಮಡಚಿದ ಪೇಪರು. ಅವರನ್ನು ಬಿಟ್ಟು ಬೇರೆ ಯಾರನ್ನು ಕೇಳುತ್ತಾರೆ? ಕೇಳಿದವರು ಅವರಿಗೆ ಒಂದು ಕಾಫಿ, ಎರಡು ಬನ್ಸ್ ಕೊಡಿಸುವರು. ಅದಕ್ಕಿಂತ ಹೆಚ್ಚಿಗೆ ಅವರು ಯಾರಿಂದಲೂ ತೆಗೆದುಕೊಂಡವರಲ್ಲ. ಲಂಚ ತಿಂದು ಕೆಟ್ಟದ್ದು ಹೇಳುವವನನ್ನಾದರೂ ಅರ್ಥ ಮಾಡಿಕೊಳ್ಳಬಹುದು. ಎರಡು ಬನ್ಸಿಗೆ ಇಷ್ಟು ಮಾಡಿದವನನ್ನು ಎಲ್ಲಿಗೆ ಸೇರಿಸುವುದು?

ಅವರೇನೂ ಕೆಟ್ಟದ್ದು ಹೇಳುತ್ತಿರಲಿಲ್ಲ. ಅದೇ ನೋಡಿ ಹೇಸಿಗೆಯ ವಿಷಯ. ಬಂಟ್ವಾಳದ ಹೋಟೆಲಿನವರೊಬ್ಬರು ನಮ್ಮೂರಿನ ಒಬ್ಬ ಅಡುಗೆಯವನ ಬಗ್ಗೆ ಕೇಳಲು ಬಂದಿದ್ದರು. ನಾನು ಆಗ ಓದು ಮುಗಿಸಿ ಅಲ್ಲೇ ಬಸ್ಸಿನ ಏಜಂಟನಾಗಿ ಸೇರಿದ್ದೆ. ನನ್ನ ಮೇಜು ಇದ್ದದ್ದೂ ಹೋಟೆಲಿನ ಜಗಲಿಯಲ್ಲೇ, ಎಲ್ಲ ಕಿವಿಗೆ ಬೀಳುತ್ತಿತ್ತು. ಮಾಸ್ಟ್ರು ಹೇಳಿದರು: "ಒಳ್ಳೆಯ ಕೈ. ಅವನ ಸಾಂಬಾರು ಉಂಡವರು ಮರೆಯುವುದಿಲ್ಲ. ಸ್ನಾನ ಮಾಡದೆ ಒಲೆ ಮುಟ್ಟುವುದಿಲ್ಲ." ಡಬ್ಬಿ ಹೊರಗೆ ಬಂತು, ಟಕ್ ಟಕ್, ಚಿಟಿಕೆ, ಕೈವಸ್ತ್ರ. "ಮೇಲಾಗಿ, ಈಗೀಗ ಪಾತ್ರೆ ಪಗಡಿ ಎಲ್ಲ ಸರಿಯಾಗಿಯೇ ಇರ್ತದಂತೆ."

ಆ ಅಡುಗೆಯವನು ಅದುವರೆಗೆ ಯಾರ ಮನೆಯ ಸೌಟನ್ನೂ ಕದ್ದವನಲ್ಲ. ಹೋಟೆಲಿನವರು ಹೂಂ ಹೂಂ ಅಂದು ಕಾಫಿಯ ದುಡ್ಡು ಕೊಟ್ಟು ಮುಂದಿನ ಬಸ್ಸಿಗೆ ಹೋದರು. ಅಡುಗೆಯವನಿಗೆ ಕರೆ ಬರಲಿಲ್ಲ. ಯಾಕೆಂದು ಅವನಿಗೆ ತಿಳಿಯಲೂ ಇಲ್ಲ, ಮಾಸ್ಟ್ರನ್ನು ಕಂಡರೆ ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು ನಿಲ್ಲುವುದನ್ನು ಬಿಡಲೂ ಇಲ್ಲ.

ನಮ್ಮ ಹೆಡ್ಮಾಸ್ಟ್ರು ನಿವೃತ್ತರಾದಾಗ ಬೀಳ್ಕೊಡುವ ಸಭೆ. ಪಾಪ, ನೆಟ್ಟಗೆ ಬದುಕಿದ ಮನುಷ್ಯ. ಕೊರಳಲ್ಲಿ ಸೇವಂತಿಗೆ ಹಾರ, ಮುಂದಿನ ಸಾಲಿನಲ್ಲಿ ಹೆಂಡತಿ, ಹೆಣ್ಣುಮಕ್ಕಳು. ನಮ್ಮವರು ಎದ್ದು ನಿಂತು ಅವರ ಶಿಸ್ತು, ದಕ್ಷತೆ, ಮಕ್ಕಳ ಮೇಲಿನ ಪ್ರೀತಿ ಎಲ್ಲ ಹೊಗಳಿದರು. ಅಲ್ಲಿ ಡಬ್ಬಿ ತೆಗೆಯುವ ಹಾಗಿರಲಿಲ್ಲ, ಬರೀ ಮೂಗು ಒರೆಸಿಕೊಂಡರು. "ಮೋರೋವರ್, ಶಾಲೆಗೆ ಬೆಂಚು ಮಾಡಿಸಿದ ಮರದಲ್ಲಿ ಇವರು ತಮ್ಮ ಮನೆಗೆ ಮಂಚ ಮಾಡಿಸಿಕೊಂಡರು ಎಂಬ ಮಾತನ್ನು ನಾನು ಎಂದಿಗೂ ನಂಬಿದವನಲ್ಲ!" ಅಂದರು.

ಅಂಥ ಮಾತನ್ನು ಆ ಕ್ಷಣದವರೆಗೆ ಯಾರೂ ಕೇಳಿರಲಿಲ್ಲ. ಅಂದಿನಿಂದ ಎಲ್ಲರೂ ಕೇಳಿದರು. ಹೆಡ್ಮಾಸ್ಟ್ರ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತದ್ದು ನನಗೆ ಈಗಲೂ ಕಾಣುತ್ತದೆ. ಆ ಮಂಚದಲ್ಲಿ ಅವರು ಆಮೇಲೆ ಹೇಗೆ ಮಲಗಿದರೋ.

ನಾನು ಒಮ್ಮೆ ಕೇಳಿಯೇ ಬಿಟ್ಟೆ. "ಅಲ್ಲ ಮಾಸ್ಟ್ರೇ, ಒಳ್ಳೆಯದು ಹೇಳಿ ಸುಮ್ಮನಾಗಬಾರದಾ?"

ಅವರಿಗೆ ಸಿಟ್ಟು ಬರಲಿಲ್ಲ. ಪಾಠ ಹೇಳುವ ಧ್ವನಿಯಲ್ಲೇ ಅಂದರು: "ಬರೀ ಒಳ್ಳೆಯದು ಹೇಳಿದ್ರೆ ಕೇಳಿದವರು ನಂಬುವುದಿಲ್ಲ ಮಾರಾಯ. ಇವ ಆ ಮನೆಯ ಅನ್ನ ಉಂಡಿದ್ದಾನೆ ಅಂತ ಎಣಿಸ್ತಾರೆ. ಮೇಲೊಂದು ಮೋರೋವರ್ ಇದ್ದರೆ ಅಭಿಪ್ರಾಯಕ್ಕೆ ಒಂದು ಘನತೆ. ನಾನು ಯಾರ ಮೇಲಾದರೂ ಕೆಟ್ಟದ್ದು ಹೇಳಿದ್ದು ಕೇಳಿದ್ದೀಯಾ ನೀನು?"

ಕೇಳಿರಲಿಲ್ಲ. ಯಾರಿಗೂ ಇಲ್ಲದ ಕಲೆಯನ್ನು ಎಲ್ಲರೆದುರು ಒರೆಸಿ ತೋರಿಸುವುದು ಅವರ ಕಸುಬು. ಒರೆಸುತ್ತಿದ್ದದ್ದು ಆ ಕೈವಸ್ತ್ರದಲ್ಲೇ ಎಂದು ನನಗೆ ಅನ್ನಿಸುತ್ತದೆ. ಗಾಡಿಯ ನಿಯಮ ಮಾತ್ರ ಎಂದಿಗೂ ತಪ್ಪಿದವರಲ್ಲ. ಎರಡನೇ ಮೂಟೆಯೂ ಅದೇ ದಾರಿಯದೇ, ಒಳಗಿನದು ಮಾತ್ರ ಕೊಳೆತದ್ದು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಬರದೆ ಉಪಾಯವಿಲ್ಲ.

ತಂದೆ ಬೇಗ ಹೋದ್ದರಿಂದ ಅಕ್ಕ ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಹೊಲಿಗೆ ಕಲಿತು, ಹಳೆಯದೊಂದು ಮೆಷಿನು ತಂದು, ಊರಿನ ಹೆಂಗಸರ ರವಿಕೆ ಹೊಲಿದು ನನ್ನನ್ನು ಓದಿಸಿದವಳು ಅವಳೇ. ಅವಳಿಗೆ ಮೂಡುಬಿದಿರೆಯ ಒಂದು ಸಂಬಂಧದ ಮಾತು ಬಂತು. ಹುಡುಗನದು ಬಟ್ಟೆ ಅಂಗಡಿ. ಅಕ್ಕ ಅಮ್ಮನ ಜೊತೆ ಆ ಅಂಗಡಿಗೆ ಹೋಗಿ ರವಿಕೆ ಕಣ ತರುತ್ತಿದ್ದವಳು, ಹುಡುಗ ತನ್ನನ್ನು ನೋಡುವುದನ್ನು ಇವಳೂ ಗಮನಿಸಿದ್ದಳು. ಅಮ್ಮ ಅಕ್ಕನಿಗೆ ವಿಷಯ ಹೇಳಿದಳು. ಮರುದಿನದಿಂದ ಮೆಷಿನು ತುಳಿಯುತ್ತಾ ಏನೋ ಹಾಡು ಗುನುಗಲು ಶುರುಮಾಡಿದಳು. ನಮ್ಮ ಮನೆಯಲ್ಲಿ ಹಾಡು ಕೇಳಿದ್ದು ಅದೇ ಮೊದಲು. ಬಿಡುವಾದಾಗ ತನಗೆಂದು ಎರಡು ರವಿಕೆ ಹೊಲಿದಿಟ್ಟಳು, ಒಂದು ನೀಲಿ, ಒಂದು ಹಸಿರು.

ಹುಡುಗನ ಸೋದರಮಾವ ವಿಚಾರಿಸಲು ಬಂದ ದಿನ ನಾನು ಊರಲ್ಲಿರಲಿಲ್ಲ, ಬಸ್ಸಿನ ಕೆಲಸಕ್ಕೆಂದು ಮಂಗಳೂರಿಗೆ ಹೋಗಿದ್ದೆ. ಮಾರನೆಯ ದಿನ ಮಾಸ್ಟ್ರೇ ನನ್ನ ಮೇಜಿನ ಹತ್ತಿರ ಬಂದರು. ಮುಖ ಅರಳಿತ್ತು.

"ನಿನ್ನೆ ಮೂಡುಬಿದಿರೆಯವರು ಬಂದಿದ್ರು ಮಾರಾಯ. ನಿನ್ನ ಅಕ್ಕನ ಬಗ್ಗೆ ಕೇಳಿದ್ರು. ಹೇಳಿದ್ದೇನೆ, ಚೆನ್ನಾಗಿ ಹೇಳಿದ್ದೇನೆ."

ನಾನು ಟಿಕೇಟಿನ ಪುಸ್ತಕ ಮುಚ್ಚಿದೆ. "ಎಂತ ಹೇಳಿದ್ರಿ ಮಾಸ್ಟ್ರೇ?"

"ಕೆಲಸದ ಹುಡುಗಿ, ತಮ್ಮನನ್ನು ಓದಿಸಿದವಳು, ತಲೆ ಎತ್ತಿ ಮಾತಾಡುವವಳಲ್ಲ ಅಂತ ಹೇಳಿದೆ. ಮೇಲಾಗಿ, ಒಮ್ಮೆ ನಮ್ಮ ಶಾಲೆಯ ಅಂಗಳದಲ್ಲಿ ಮೂರ್ಛೆ ಬಂದು ಬಿದ್ದದ್ದು ಬಿಟ್ಟರೆ ಆಮೇಲೆ ಅಂಥದ್ದು ಏನೂ ಇಲ್ಲ, ಈಗ ಪೂರ್ತಿ ಗುಣ ಅಂತ ಕೂಡ ಹೇಳಿದೆ."

ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಬಹುಮಾನ ಕೊಡುವ ದಿನ ಅಕ್ಕ ನೋಡಲು ಬಂದಿದ್ದಳು. ತುಳುವರ ಸೋಣ ತಿಂಗಳ ಶನಿವಾರ, ಬೆಳಗಿನಿಂದ ಉಪವಾಸ. ಮಳೆ ಬಿಟ್ಟ ಸುಡು ಬಿಸಿಲಿನಲ್ಲಿ ನಿಂತೂ ನಿಂತೂ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಒಂದು ಲೋಟ ಬೆಲ್ಲದ ನೀರು ಕುಡಿದು ಎದ್ದು ಮನೆಗೆ ನಡೆದುಕೊಂಡೇ ಬಂದಳು. ಇಷ್ಟೇ ನಡೆದದ್ದು.

"ಮಾಸ್ಟ್ರೇ, ಅದು ಉಪವಾಸಕ್ಕೆ ಬಂದ ತಲೆಸುತ್ತು. ಕಾಯಿಲೆ ಅಲ್ಲ!"

"ನಾನೂ ಅದನ್ನೇ ಹೇಳಿದ್ದಲ್ಲವಾ? ಈಗ ಏನೂ ಇಲ್ಲ ಅಂತ. ಮುಖಕ್ಕೆ ನೀರು ಹಾಕಿದವನೇ ನಾನು. ನನಗಿಂತ ಹೆಚ್ಚು ಯಾರಿಗೆ ಗೊತ್ತುಂಟು?" ಎಂದು ಡಬ್ಬಿಯ ಮೇಲೆ ಬಡಿದರು. ನಾನು ಕೃತಜ್ಞತೆ ಹೇಳಲೆಂದು ಅವರು ಕಾಯುತ್ತಿದ್ದರು. ನಿಜವಾಗಿಯೂ ಕಾಯುತ್ತಿದ್ದರು.

ಮೂಡುಬಿದಿರೆಯಿಂದ ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು. ಆಮೇಲೆ ಬೇರೆ ಕಡೆಯಿಂದ ಮಾತು ಬಂತು, ಅಲ್ಲಿಯೂ ಜಾತಕವೇ. ವೇಣೂರಿನವರು ಮಾತ್ರ ಬಾಯಿಬಿಟ್ಟು, "ಹುಡುಗಿಗೆ ಮೊದಲು ಫಿಟ್ಸ್ ಇತ್ತಂತೆ, ಈಗ ಗುಣ ಆಗಿದೆಯಂತೆ, ಹೌದಾ?" ಎಂದು ಅಮ್ಮನನ್ನೇ ಕೇಳಿದರು. ಬೈದವರ ಹತ್ತಿರ ಜಗಳ ಮಾಡಬಹುದು. ಗುಣವಾಗಿದೆ ಎಂದು ಹೊಗಳುವವರ ಹತ್ತಿರ ಹೇಗೆ ಜಗಳ ಮಾಡುವುದು? ಅಕ್ಕನಿಗೆ ಕಾಯಿಲೆಯೇ ಇರಲಿಲ್ಲ ಎಂದು ನಾವು ಹೇಳಿದಷ್ಟೂ ಮುಚ್ಚಿಡುತ್ತಿದ್ದೇವೆ ಎಂದು ಜನ ನಂಬಿದರು. ಮನೆಯಲ್ಲಿ ಹಾಡು ನಿಂತಿತು. ನೀಲಿ ಮತ್ತು ಹಸಿರು ರವಿಕೆಗಳನ್ನು ಅಕ್ಕ ಒಂದು ದಿನ ಕೂತು ಹೊಲಿಗೆ ಬಿಚ್ಚಿ, ನೆರೆಮನೆಯ ಚಿಕ್ಕ ಮಕ್ಕಳಿಗೆ ಲಂಗದ ಅಂಚು ಮಾಡಿ ಕೊಟ್ಟಳು. ಅಮ್ಮ ಅದೇ ಕೊರಗಿನಲ್ಲಿ ಹೋದಳು.

ಮಾಸ್ಟ್ರು ಬೆಂಚಿನಲ್ಲಿ ಕೂತೇ ಇದ್ದರು. ನಾನು ದಿನವೂ ಅವರನ್ನು ನೋಡಬೇಕಿತ್ತು. "ಅಕ್ಕ ಹೇಗಿದ್ದಾಳೆ? ಆರೋಗ್ಯ ಅಲ್ಲವಾ?" ಎಂದು ಬಸ್ಸಿಗೆ ಕಾಯುವವರ ಕಿವಿಗೆಲ್ಲ ಬೀಳುವ ಹಾಗೆ ಕೇಳುವರು. ಅವರ ಎಂಜಲು ಲೋಟ ಹೋಟೆಲಿನ ಬೇರೆ ಲೋಟಗಳ ಜೊತೆ ಸೇರುವುದನ್ನು ನೋಡಿ ನಾನು ಅಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟೆ.

ವರ್ಷಗಳು ಕಳೆದವು. ನನಗೆ ಮದುವೆಯಾಯಿತು. ಮಾಸ್ಟ್ರು ನಿವೃತ್ತರಾದರು, ಅವರ ಹೆಂಡತಿ ತೀರಿಕೊಂಡರು. ಒಬ್ಬಳೇ ಮಗಳು, ವಸಂತಿ. ಆ ಮನುಷ್ಯನ ಹೊಟ್ಟೆಯಲ್ಲಿ ಅಂಥ ಹುಡುಗಿ ಹೇಗೆ ಹುಟ್ಟಿದಳೋ. ಅಕ್ಕನಲ್ಲಿಗೆ ಹೊಲಿಗೆ ಕಲಿಯಲು ಬರುತ್ತಿದ್ದಳು, ಬಂದರೆ ಮನೆಗೆ ಬೆಳಕು ಬಂದ ಹಾಗೆ. ಒಂದು ಮಳೆಗಾಲ ಆ ಹುಡುಗಿಗೆ ವಿಷಮಶೀತ ಜ್ವರ ಬಂದು ಬಹಳ ದಿನ ಮಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಕ್ಷಯವಂತೆ ಎಂದು ಊರಿನಲ್ಲಿ ಯಾರೋ ಪಿಸುಗುಟ್ಟಿದರು. ಅದು ಅಲ್ಲ ಎಂದು ಅಕ್ಕನಿಗೂ ನನಗೂ ಚೆನ್ನಾಗಿ ಗೊತ್ತಿತ್ತು, ಡಾಕ್ಟರರ ಬಾಯಿಂದಲೇ ಕೇಳಿದ್ದೆವು.

ಆ ವಸಂತಿಗೆ ಬಂಟ್ವಾಳದ ಸಂಬಂಧ ಬಂತು. ಹುಡುಗನ ಸೋದರಮಾವ ಮತ್ತು ಅತ್ತೆ ಒಂದು ಭಾನುವಾರ ಗುರುವಾಯನಕೆರೆಯಲ್ಲಿ ಬಸ್ಸಿಳಿದರು. ಬೆಂಚಿನ ಮೇಲಿದ್ದ ಮರ್ಯಾದಸ್ಥರನ್ನು ಅವರದೇ ಮಗಳ ಬಗ್ಗೆ ಕೇಳುವ ಹಾಗಿಲ್ಲ. ಊರಿನ ಹೆಣ್ಣುಮಕ್ಕಳನ್ನೆಲ್ಲ ಬಲ್ಲವಳು ರವಿಕೆ ಹೊಲಿಯುವವಳು ಎಂದು ಯಾರೋ ಹೇಳಿ, ನೇರ ನಮ್ಮ ಮನೆಗೆ ಬಂದರು.

ನಾನು ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದೆ. ಮುಚ್ಚುಮರೆ ಬೇಡ, ನನಗೆ ಆ ಹೊತ್ತು ಸಿಹಿಯಾಗಿತ್ತು. ಎಷ್ಟೋ ವರ್ಷ ನಾನು ಮನಸ್ಸಿನಲ್ಲೇ ಸಿದ್ಧಮಾಡಿಟ್ಟ ಮಾತು ಅಕ್ಕನ ಬಾಯಿಗೆ ಬಂದು ನಿಂತಿದೆ ಅನ್ನಿಸಿತು. ಒಂದೇ ಒಂದು ಮಾತು ಸಾಕು: ಮೇಲಾಗಿ, ಅವಳಿಗೆ ಬಂದದ್ದು ಕ್ಷಯ ಎಂದು ಜನ ಹೇಳುವುದು ಪೂರ್ತಿ ಸುಳ್ಳು. ನೂರಕ್ಕೆ ನೂರು ಸತ್ಯ. ಮಾಸ್ಟ್ರು ಕೂಡ ತಪ್ಪು ಹುಡುಕಲಾಗದ ಮೋರೋವರ್.

ಅಕ್ಕ ಹೇಳಿದಳು: "ತುಂಬ ಒಳ್ಳೆಯ ಹುಡುಗಿ. ತಾಯಿ ಹೋದ ಮೇಲೆ ಮನೆ ನಡೆಸುವುದು ಅವಳೇ. ಕೈಕೆಲಸ ಎಲ್ಲ ಬರ್ತದೆ. ನಗುನಗುತ್ತಾ ಇರ್ತಾಳೆ."

ಅಲ್ಲಿಗೆ ನಿಲ್ಲಿಸಿದಳು. ಬಂದವರು ಕಾದರು. ಆ ಹೆಂಗಸು ಕಾಫಿಯ ಲೋಟ ಕೆಳಗಿಟ್ಟು ಮುಂದೆ ಬಾಗಿ, "ಮತ್ತೆ?" ಅಂದರು.

"ಮತ್ತೆ ಎಂತ ಇಲ್ಲ."

"ಅಲ್ಲ, ಏನಾದರೂ ಇದ್ದರೆ ಹೇಳಿ ಅಕ್ಕ. ನಮ್ಮಲ್ಲೇ ಇರ್ತದೆ."

ನನಗೆ ಆಗ ಅರ್ಥವಾಯಿತು. ಈ ಸೀಮೆಯ ಜನಕ್ಕೆ ಆ ಮನುಷ್ಯ ಎಂಥ ಅಭ್ಯಾಸ ಹಿಡಿಸಿದ್ದರು! ಬರೀ ಒಳ್ಳೆಯದು ಹೇಳಿದರೆ ಯಾರೂ ನಂಬದ ಹಾಗೆ ಮಾಡಿಟ್ಟಿದ್ದರು. ಈಗ ಅವರ ಮಗಳಿಗೇ ಅದು ಬಂದು ತಗುಲಿತ್ತು. ಅಕ್ಕ ಬಾಯಿಬಿಡುವುದೇ ಬೇಡ, ಇನ್ನೆರಡು ಗಳಿಗೆ ಸುಮ್ಮನೆ ಕೂತರೂ ಇವರು ಎದ್ದು ಹೋಗುತ್ತಾರೆ. ಗಂಡಸು ಆಗಲೇ ಕೊಡೆ ಕೈಗೆ ತೆಗೆದುಕೊಂಡಿದ್ದರು.

ಅಕ್ಕ ಮೆಷಿನಿನ ಚಕ್ರದ ಮೇಲೆ ಕೈಯಿಟ್ಟಳು. "ಮತ್ತೆ ಒಂದು ಉಂಟು" ಅಂದಳು.

ಗಂಡಸು ಕೊಡೆ ಕೆಳಗಿಟ್ಟರು.

"ಇಕೊಳ್ಳಿ, ಅಲ್ಲಿ ನಿಂತಿದ್ದಾನಲ್ಲ ನನ್ನ ತಮ್ಮ, ಅವನಿಗೆ ಮದುವೆ ಆಗದೆ ಇರ್ತಿದ್ರೆ ಆ ಹುಡುಗಿಯನ್ನು ನಿಮ್ಮ ಮನೆಗೆ ಬಿಡ್ತಿರಲಿಲ್ಲ. ನಾನೇ ಇಲ್ಲಿಗೆ ತಂದುಕೊಳ್ತಿದ್ದೆ."

ಆ ಹೆಂಗಸಿನ ಮುಖ ಸಡಿಲವಾಯಿತು. ನಕ್ಕುಬಿಟ್ಟರು. ಗಂಡಸೂ ನಕ್ಕರು. ಸಂಬಂಧ ಅಲ್ಲೇ ನಿಶ್ಚಯವಾದ ಹಾಗಾಯಿತು. ಆ ಮನುಷ್ಯನಿಗೆ ನಾನು ಅಳಿಯನಾಗುವ ಮಾತು ಅವಳ ಬಾಯಿಗಾದರೂ ಹೇಗೆ ಬಂತು? ಬಂದವರು ಹೋದ ಮೇಲೆ ಅಕ್ಕನ ಮೇಲೆ ಕೂಗಾಡಿದೆ. ಅವಳು ನೂಲು ಪೋಣಿಸುತ್ತಾ ಕೂತಿದ್ದಳು.

ಕೆಲವು ದಿನ ಕಳೆದು ಮಾಸ್ಟ್ರು ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೈಯಲ್ಲಿ ಮದುವೆಯ ಕಾಗದ, ಕಂಕುಳಲ್ಲಿ ಮಗಳ ರವಿಕೆಗೆಂದು ತಂದ ಬಟ್ಟೆಯ ಕಟ್ಟು. ಅಕ್ಕ ಚಾಪೆ ಹಾಸಿದಳು. ಕೂತರು. ಮುದಿತನದಲ್ಲಿ ಮೂಗಿನ ಹನಿ ಇನ್ನೂ ದೊಡ್ಡದಾಗಿತ್ತು.

ಇನ್ನಾದರೂ ಕ್ಷಮೆ ಕೇಳುತ್ತಾರೆ ಎಂದು ನಾನು ಎಣಿಸಿದೆ. ಕೇಳುವುದು ಬೇಡ, ತಲೆ ತಗ್ಗಿಸಿದರೂ ಸಾಕಿತ್ತು.

"ಬಂಟ್ವಾಳದವರು ಎಲ್ಲ ಹೇಳಿದ್ರು ಮಗಳೇ" ಅಂದರು ಅಕ್ಕನಿಗೆ. "ದೊಡ್ಡ ಉಪಕಾರ ಮಾಡಿದೆ. ನಿನ್ನಂಥವಳು ಊರಿಗೊಬ್ಬಳು ಇರಬೇಕು. ನನ್ನ ಶಿಷ್ಯನ ಅಕ್ಕ ಅಂತ ನನಗೆ ಹೆಮ್ಮೆ."

ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಆದರೆ ಅವರ ಕೈ ಜೇಬಿಗೆ ಹೋಯಿತು. ಡಬ್ಬಿ ಬಂತು. ಟಕ್ ಟಕ್. ಕಣ್ಣು ಮುಚ್ಚಿ ಎಳೆದುಕೊಂಡರು, ಒರೆಸಿಕೊಂಡರು.

"ಮೇಲಾಗಿ" ಅಂದರು, "ನಿನ್ನ ಮದುವೆ ಆಗದೆ ನೀನು ಇಲ್ಲೇ ಉಳಿದದ್ದು ಒಳ್ಳೆಯದೇ ಆಯಿತು ನೋಡು. ಆಗಿ ಹೋಗಿರ್ತಿದ್ರೆ ನನ್ನ ಮಗಳ ಬಗ್ಗೆ ಎರಡು ಒಳ್ಳೆಯ ಮಾತು ಹೇಳ್ಲಿಕ್ಕೆ ಇವತ್ತು ಈ ಊರಲ್ಲಿ ಯಾರಿದ್ರು?"

ನಾನು ಅಂಗಳಕ್ಕೆ ಹೋಗಿ ಉಗಿದೆ. ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಉಗಿದೆ. ಒಳಗಿಂದ ಅಕ್ಕನ ಧ್ವನಿ ಬಂತು. ಯಾವಾಗಿನ ಹಾಗೆಯೇ ಇತ್ತು.

"ಬಟ್ಟೆ ಇಲ್ಲಿ ಕೊಡಿ ಮಾಸ್ಟ್ರೇ. ಅಳತೆಗೆ ವಸಂತಿಯನ್ನು ಕಳಿಸಿ."

ಅವರು ಹೋದ ಮೇಲೆ ನಾನು ಒಳಗೆ ಬಂದೆ. ಅಕ್ಕ ಕಟ್ಟು ಬಿಚ್ಚಿ ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿ ನೋಡುತ್ತಿದ್ದಳು. ನೀಲಿ ಬಣ್ಣದ್ದು.

"ಹೊಲಿದು ಕೊಡ್ತೀಯಾ ಇದನ್ನು?"

"ಕೊಡ್ತೇನೆ. ಆ ಹುಡುಗಿ ಎಂತ ಮಾಡಿದ್ದಾಳೆ?"

"ಮತ್ತೆ?" ಅಂದೆ. ಒಂದು ಬೈಗುಳವಾದರೂ ಬರಲಿ, ಒಂದು ಹನಿ ಕಣ್ಣೀರಾದರೂ ಬರಲಿ ಎಂದು ಅವಳ ಮುಖವನ್ನೇ ನೋಡುತ್ತಾ ನಿಂತೆ.

"ಮತ್ತೆ ಎಂತ ಇಲ್ಲ" ಅಂದ ಅಕ್ಕ ಕತ್ತರಿ ಕೈಗೆ ತೆಗೆದುಕೊಂಡಳು.

ಮೊನ್ನೆಯೂ ಅವಳು ಹೇಳಿದ್ದು ಅದನ್ನೇ, ಬರೆದು ಅಲ್ಲಿಗೆ ನಿಲ್ಲಿಸು ಎಂದು. ಅವಳು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನಿಲ್ಲಿಸಲು ಅವಳಿಗೆ ಬರುತ್ತದೆ. ನಾನು ಸಂಚಿಕೆಗೆ ಒಳ್ಳೆಯ ಮಾತು ಬರೆದು ಕೊಟ್ಟೆ, ಮೇಲಾಗಿ ಇಷ್ಟನ್ನೂ ಬರೆದೆ. ನನಗೆ ಇಂಗ್ಲಿಷ್ ಕಲಿಸಿದವರು ಅವರು.